ಮಡಚುವ ಬೀಗಕ್ಕೆ ಕದಲದ ಕಂಬ

ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಯ ಹಳ್ಳಿಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಅನೇಕರ ಬಳಿ ಇರುವ ಸೈಕಲ್ಲು ಹನ್ನೊಂದನೆಯ ತರಗತಿಯಲ್ಲಿ ತಮಿಳುನಾಡು ಸರ್ಕಾರವು ಉಚಿತವಾಗಿ ಕೊಟ್ಟದ್ದು. ಶಾಲೆ ಮುಗಿದರೂ ಅದರ ಸೇವೆ ಮುಗಿಯುವುದಿಲ್ಲ. ಮನೆಯಿಂದ ಹೆದ್ದಾರಿಯವರೆಗಿನ ಮೂರು ನಾಲ್ಕು ಮೈಲಿ ಅದರ ಮೇಲೆ. ಮುಂದಿನ ದಾರಿ ಬಸ್ಸಿನಲ್ಲಿ. ಬೆಳಿಗ್ಗೆ ಹುಣಸೆಮರದ ಬುಡದಲ್ಲೋ ಗೂಡಂಗಡಿಯ ಮಗ್ಗುಲಲ್ಲೋ ನಿಲ್ಲಿಸಿದ ಸೈಕಲ್ಲು ಸಂಜೆಯ ಬಸ್ಸು ಬರುವವರೆಗೂ ಅಲ್ಲಿಯೇ ಒಂಟಿಯಾಗಿ ನಿಂತಿರಬೇಕು. ಒಂದು ಸಂಜೆ ಅದು ಅಲ್ಲಿ ಇಲ್ಲವಾದರೆ ಆಗುವ ನಷ್ಟವನ್ನು ಹಳೆಯ ಸೈಕಲ್ಲಿನ ಬೆಲೆಯಿಂದ ಅಳೆಯಲಾಗದು. ಮರುದಿನ ಮೊದಲ ಬಸ್ಸು ತಪ್ಪುತ್ತದೆ; ಅದರೊಡನೆ ಮೊದಲ ಅವಧಿಯ ಹಾಜರಿಯೂ ತಪ್ಪುತ್ತದೆ. ಕತ್ತಲಾದ ಮೇಲೆ ಅಷ್ಟು ದೂರ ನಡೆದು ಬರುವುದು ಬೇಡವೆಂದು ಮನೆಯ ಹಿರಿಯರು ನಿಶ್ಚಯಿಸಿದ ದಿನ ಒಬ್ಬ ಹುಡುಗಿಯ ಓದೇ ನಿಂತುಹೋಗಬಹುದು.

ಆದುದರಿಂದ ಸೈಕಲ್ಲಿನ ಬೀಗವೆಂಬುದು ಅಂಗಡಿಯವನು ಕೊಟ್ಟದ್ದನ್ನು ಹಾಕಿಸಿಕೊಂಡು ಮರೆಯುವಷ್ಟು ಅಲ್ಪವಾದ ವಸ್ತುವಲ್ಲ. ಹೊತ್ತೊಯ್ಯಲು ಹಗುರವಾದ, ಮಡಚಿದರೆ ಚೀಲದಲ್ಲಿ ಅಡಗುವ, ಬಿಚ್ಚಿದರೆ ಕಳ್ಳನ ಕೈಗೆ ಸುಲಭವಾಗಿ ಬಗ್ಗದ ಬೀಗವೊಂದನ್ನು ರೂಪಿಸುವುದು ಸಾಧ್ಯವಿದೆ; ಹೊರದೇಶಗಳಲ್ಲಿ ಅದು ಆಗಿಯೂ ಇದೆ. ಆದರೆ ಅಂತಹ ಬೀಗವನ್ನು ಬೀಗವಾಗಿ ಮಾತ್ರ ನೋಡಿ ರೂಪಿಸಿದರೆ ಕೆಲಸ ಕೆಡುತ್ತದೆ. ಬೀಗದ ಅಳತೆ, ತೂಕ, ಬೆಲೆ ಇವೆಲ್ಲವೂ ಅದನ್ನು ಯಾವುದಕ್ಕೆ ಕಟ್ಟಲಾಗುವುದೋ ಅದರಿಂದ ನಿರ್ಧಾರವಾಗುತ್ತವೆ. ಮೊದಲು ಕಂಬ, ಆಮೇಲೆ ಬೀಗ.

ಈಗ ಬಳಕೆಯಲ್ಲಿರುವುದು ಏನೆಂಬುದನ್ನು ನೋಡಬೇಕು. ಭಾರತದ ಸಾಧಾರಣ ಸೈಕಲ್ಲುಗಳಲ್ಲೆಲ್ಲ ಹಿಂದಿನ ಚಕ್ರದ ಮೇಲುಭಾಗದಲ್ಲಿ ಕುದುರೆಲಾಳದ ಆಕಾರದ ಒಂದು ಬೀಗವಿರುತ್ತದೆ. ಗುಬುಟನ್ನು ಒತ್ತಿ ಜಾರಿಸಿದರೆ ಒಳಗಿನ ಸರಳು ಕಡ್ಡಿಗಳ ನಡುವೆ ಹಾದು ಇನ್ನೊಂದು ತುದಿಯನ್ನು ಸೇರುತ್ತದೆ. ಎಂದೂ ಮನೆಯಲ್ಲಿ ಮರೆತು ಬರಲಾಗದ ಬೀಗವಿದು. ಸೈಕಲ್ಲಿನೊಡನೆಯೇ ಬರುತ್ತದೆ, ತೂಕವೂ ತಿಳಿಯುವುದಿಲ್ಲ. ಈ ಗುಣಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಅದು ಸೈಕಲ್ಲನ್ನು ಸೈಕಲ್ಲಿಗೇ ಕಟ್ಟುತ್ತದೆ, ನೆಲಕ್ಕಲ್ಲ. ಇಪ್ಪತ್ತು ಕೆ.ಜಿ. ಆಸುಪಾಸಿನ ವಾಹನವನ್ನು ಹಿಂದಿನ ಚಕ್ರ ಎತ್ತಿ ಹಿಡಿದು ತಳ್ಳಿಕೊಂಡು ಹೋಗುವವನನ್ನು ಕಂಡವರು, ಕೀಲಿಕೈ ಕಳೆದುಕೊಂಡ ಬಡಪಾಯಿ ಎಂದು ಮರುಗಿ ದಾರಿ ಬಿಡುತ್ತಾರೆ. ಇನ್ನು ಅಗ್ಗದ ಬೀಗಗಳಲ್ಲಿ ಒಂದರ ಕೈ ಮತ್ತೊಂದಕ್ಕೆ ಹೊಂದುವುದುಂಟೆಂಬುದು ಸೈಕಲ್ ಅಂಗಡಿಯವರೆಲ್ಲ ಬಲ್ಲ ಸಂಗತಿ.

ಎರಡನೆಯದು ಬಣ್ಣಬಣ್ಣದ ಪ್ಲಾಸ್ಟಿಕ್ ಹೊದಿಕೆಯ ತಂತಿಬೀಗ. ಹೊರಗಿನಿಂದ ಹೆಬ್ಬೆರಳಿನಷ್ಟು ದಪ್ಪ ಕಾಣುತ್ತದೆ. ಒಳಗಿರುವುದು ತೆಳುವಾದ ಎಳೆಗಳನ್ನು ಹೊಸೆದ ಉಕ್ಕಿನ ತಂತಿ. ಹೊಸೆದ ತಂತಿಯ ದೌರ್ಬಲ್ಯವೆಂದರೆ ಅದನ್ನು ಒಮ್ಮೆಗೇ ಕತ್ತರಿಸಬೇಕಾಗಿಲ್ಲ. ಎಳೆ ಎಳೆಯಾಗಿ ಕತ್ತರಿಸಿದರೂ ಸಾಕು. ಒಳ್ಳೆಯ ಕತ್ತರಿಯಿದ್ದರೆ ಆ ತಾಳ್ಮೆಯೂ ಬೇಡ. ದಪ್ಪದ ಭ್ರಮೆಯನ್ನು ಮಾರುವ ಈ ವಸ್ತುವನ್ನು ಬೀಗವೆನ್ನುವುದಕ್ಕಿಂತ ಅಲಂಕಾರವೆನ್ನುವುದು ಮೇಲು.

ಸೈಕಲ್ಲಿನ ಕಳವು ಎಷ್ಟು ದೊಡ್ಡ ಸಂಗತಿಯಾಗಬಲ್ಲದೆಂಬುದನ್ನು ತೋರಿಸಲು ವಿತ್ತೋರಿಯೋ ದೆ ಸೀಕಾ 1948ರಲ್ಲಿ ಇಡೀ ಒಂದು ಚಿತ್ರವನ್ನೇ ಮಾಡಿದನು. ಯುದ್ಧಾನಂತರದ ರೋಮಿನಲ್ಲಿ ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗಬೇಕಾದರೆ ಸೈಕಲ್ಲಿರಬೇಕು. ಒತ್ತೆಯಿಟ್ಟ ಸೈಕಲ್ಲನ್ನು ಬಿಡಿಸಲು ಹೆಂಡತಿ ಹಾಸಿಗೆಯ ವಸ್ತ್ರಗಳನ್ನು ಒತ್ತೆಯಿಡುತ್ತಾಳೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅದು ಕಳವಾಗುತ್ತದೆ. ಕಡೆಗೆ ಆ ಸಜ್ಜನನೇ ಮತ್ತೊಬ್ಬರ ಸೈಕಲ್ಲಿಗೆ ಕೈಹಾಕಿ ಮಗನ ಕಣ್ಣೆದುರೇ ಸಿಕ್ಕಿಬೀಳುತ್ತಾನೆ. ಸತ್ಯಜಿತ್ ರಾಯ್ ಅವರು 1950ರಲ್ಲಿ ಲಂಡನ್ನಿನಲ್ಲಿ ಕಂಡು ಗಾಢವಾಗಿ ಪ್ರಭಾವಿತರಾದ ಚಿತ್ರವಿದು. ಚಿತ್ರವನ್ನು ಕಲಾಕೃತಿಯಾಗಿ ಮೆಚ್ಚುವ ಭರದಲ್ಲಿ ಒಂದು ಸಣ್ಣ ವಿವರವನ್ನು ಯಾರೂ ಗಮನಿಸುವುದಿಲ್ಲ: ಗೋಡೆಗೆ ಒರಗಿಸಿದ ಆ ಸೈಕಲ್ಲು ಯಾವುದಕ್ಕೂ ಕಟ್ಟಿರಲಿಲ್ಲ.

ಕಳ್ಳತನವನ್ನು ತಡೆಯುವ ಬೀಗದ ಆಧುನಿಕ ಚರಿತ್ರೆಯು ಅಮೆರಿಕದಲ್ಲಿ 1970ರ ದಶಕದ ಆರಂಭಕ್ಕೆ ಹೋಗುತ್ತದೆ. ಇಂಗ್ಲಿಷಿನ ‘ಯು’ ಅಕ್ಷರದಂತೆ ಬಾಗಿಸಿದ ದಪ್ಪ ಉಕ್ಕಿನ ಸರಳು, ಅದರ ಎರಡು ತುದಿಗಳನ್ನು ಹಿಡಿಯುವ ಒಂದು ಅಡ್ಡಪಟ್ಟಿ. ಅಷ್ಟೇ ಅದರ ರಚನೆ. ಕ್ರಿಪ್ಟೊನೈಟ್ ಕಂಪೆನಿಯು ಅದನ್ನು ಪರೀಕ್ಷೆಗೆ ಒಡ್ಡಲು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಬೀದಿಯಲ್ಲಿ ಒಂದು ಸೈಕಲ್ಲನ್ನು 30 ದಿನ ಕಟ್ಟಿ ಬಿಟ್ಟಿತು. ಬಿಚ್ಚಲು ಸಾಧ್ಯವಾದ ಭಾಗಗಳನ್ನೆಲ್ಲ ಯಾರೋ ಬಿಚ್ಚಿಕೊಂಡು ಹೋದರು. ಬೀಗ ಹಿಡಿದ ಚೌಕಟ್ಟು ಉಳಿಯಿತು. ಬೀಗವು ಯಾವುದನ್ನು ಸುತ್ತುವರಿಯುತ್ತದೆಯೋ ಅದನ್ನು ಮಾತ್ರ ಕಾಯುತ್ತದೆ. ಈ ನಾಡಿನ ಸೈಕಲ್ಲುಗಳ ಚಕ್ರಗಳನ್ನು ಸ್ಪ್ಯಾನರಿಲ್ಲದೆ ಬಿಚ್ಚಲಾಗದೆಂಬುದು ಒಂದು ಅನುಕೂಲ.

‘ಯು’ ಬೀಗದ ಕಷ್ಟ ಅದು ಮಡಚದು ಎಂಬುದು. ಸೈಕಲ್ಲಿನ ಮೇಲೆ ಅದಕ್ಕೆ ಜಾಗವಿಲ್ಲ, ಪುಸ್ತಕದ ಚೀಲದಲ್ಲಿಯೂ ಇಲ್ಲ. ಆ ಕಷ್ಟಕ್ಕೆ ಜರ್ಮನಿಯ ಆಬುಸ್ ಕಂಪೆನಿ ತನ್ನ ‘ಬೋರ್ಡೊ’ ಬೀಗದಲ್ಲಿ ಕೊಟ್ಟ ಪರಿಹಾರ ಬಡಗಿಯ ಮಡಚುವ ಅಳತೆಕೋಲನ್ನು ನೆನಪಿಗೆ ತರುತ್ತದೆ. ಸುಮಾರು 5 ಮಿ.ಮೀ. ದಪ್ಪದ ಚಪ್ಪಟೆ ಉಕ್ಕಿನ ಪಟ್ಟಿಗಳನ್ನು ಒಂದರ ತುದಿಗೆ ಒಂದರಂತೆ ರಿವೆಟ್ಟಿನಿಂದ ಜೋಡಿಸಿ, ಕೊನೆಗೆ ಬೀಗದ ತಲೆಯನ್ನು ಇಡುತ್ತಾರೆ. ಮಡಚಿದರೆ ದೊಡ್ಡದೊಂದು ಕನ್ನಡಕದ ಪೆಟ್ಟಿಗೆಯಷ್ಟು. ಬಿಚ್ಚಿದರೆ 90 ಸೆಂ.ಮೀ. ಸುತ್ತಳತೆಯ ಕುಣಿಕೆ. ತೂಕ ಸುಮಾರು ಒಂದೂಕಾಲು ಕೆ.ಜಿ.

ಇಲ್ಲಿ ಕನ್ನಡದ ವಿದ್ಯಾರ್ಥಿಗೆ ಕುತೂಹಲಕರವಾದ ಒಂದು ಮಾತಿದೆ. ಹಳೆಯ ಮೈಸೂರು ಸೀಮೆಯಲ್ಲಿ ‘ಬೀಗ’ ಎನ್ನುವುದನ್ನು ಉತ್ತರದ ಜಿಲ್ಲೆಗಳಲ್ಲಿಯೂ ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡದಲ್ಲಿಯೂ ‘ಕೀಲಿ’ ಎನ್ನುತ್ತಾರೆ. ಅಲ್ಲಿಯೇ ನೆರೆಯ ಮರಾಠಿಯಲ್ಲಿ ‘ಕಿಲ್ಲಿ’ಯೆಂದರೆ ಬೀಗವಲ್ಲ, ಬೀಗದ ಕೈ, ಬೀಗಕ್ಕೆ ‘ಕುಲೂಪ’. ಎರಡು ಭಾಷೆಯ ಮನೆಯಲ್ಲಿ ಇದರಿಂದ ಹುಟ್ಟುವ ಗೊಂದಲವನ್ನು ಅಲ್ಲಿಯವರೇ ಹೇಳಬೇಕು. ತೆಲುಗಿನವರಿಗೆ ಬೀಗ ‘ತಾಳಂ’, ಅದರ ಕೈ ‘ತಾಳಂಚೆವಿ’. ತಮಿಳಿನವರಿಗೆ ‘ಪೂಟ್ಟು’ ಮತ್ತು ‘ಸಾವಿ’. ಆ ‘ಸಾವಿ’ಯೂ ಹಿಂದಿಯ ‘ಚಾಬಿ’ಯೂ ಪೋರ್ಚುಗೀಸರ ಹಡಗಿನಲ್ಲಿ ಬಂದ ಪದಗಳು. ಈ ಎಲ್ಲದರಲ್ಲಿ ಮಡಚುವ ಬೀಗಕ್ಕೆ ಒಪ್ಪುವ ಹೆಸರು ‘ಕೀಲಿ’ಯೇ. ಏಕೆಂದರೆ ‘ಕೀಲು’ ಎಂದರೆ ಸಂದು, ಎರಡು ತುಂಡುಗಳು ಕೂಡಿ ತಿರುಗುವ ಎಡೆ. ಮಡಚುವ ಬೀಗದ ಶಕ್ತಿಯೂ ದೌರ್ಬಲ್ಯವೂ ಇರುವುದು ಆ ಕೀಲಿನಲ್ಲಿಯೇ.

ಪಟ್ಟಿಯನ್ನು ಗಟ್ಟಿಯಾಗಿಸುವುದು ಕಷ್ಟವಲ್ಲ. ಉಕ್ಕನ್ನು ಕಾಯಿಸಿ ಹದಗೊಳಿಸಿದರೆ ಗರಗಸದ ಹಲ್ಲು ಅದರ ಮೇಲೆ ಜಾರುತ್ತದೆ. ಆದರೆ ರಿವೆಟ್ಟನ್ನು ಬಡಿದು ಅಗಲಿಸಬೇಕಾದರೆ ಅದು ಮೆದುವಾಗಿರಬೇಕು, ಮೆದುವಾದದ್ದನ್ನು ಕೊರೆಯಬಹುದು. ಪಟ್ಟಿಗಳನ್ನು ಎದುರುಬದುರಾಗಿ ತಿರುಚಿದರೆ ಆ ಬಲವೆಲ್ಲವೂ ರಿವೆಟ್ಟಿನ ಕೊರಳಿಗೇ ಬಂದು ಬೀಳುತ್ತದೆ. ಆದುದರಿಂದ ಕೀಲಿನ ತಲೆಯನ್ನು ಪಟ್ಟಿಯೊಳಗೆ ಹುದುಗಿಸಬೇಕು, ಅದರ ಮೇಲೆ ಗಟ್ಟಿಯುಕ್ಕಿನ ಬಿಲ್ಲೆಯನ್ನು ಹೊದಿಸಬೇಕು. ಕೊರೆಯುವ ಮೊನೆ ಹಿಡಿತವಿಲ್ಲದೆ ಸುತ್ತುವಂತೆ ಆ ಬಿಲ್ಲೆ ಸಡಿಲವಾಗಿ ತಿರುಗುವಂತಿದ್ದರೆ ಇನ್ನೂ ಒಳ್ಳೆಯದು. ಅತಿಯಾಗಿ ಗಟ್ಟಿಗೊಳಿಸಿದ ಉಕ್ಕು ಗಾಜಿನಂತೆ ಸಿಡಿಯುವುದರಿಂದ ಪಟ್ಟಿಯ ಹೊರಮೈ ಕಠಿಣವಾಗಿ ಒಳಮೈ ಸ್ವಲ್ಪ ಬಾಗುವಂತಿರಬೇಕು. ಹುರಿದ ಕಡಲೆಯ ಗುಣವಲ್ಲ, ಬಾದಾಮಿಯ ಗುಣ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಸರಳ ಗಣಿತ. ಸರಳೊಂದರ ವ್ಯಾಸವನ್ನು ಇಮ್ಮಡಿ ಮಾಡಿದರೆ ಅದನ್ನು ತುಂಡರಿಸುವ ಶ್ರಮ ಸುಮಾರು ನಾಲ್ಕು ಪಟ್ಟಾಗುತ್ತದೆ; ತೂಕವೂ ನಾಲ್ಕು ಪಟ್ಟಾಗುತ್ತದೆ. ಅಂದರೆ ದಪ್ಪಗೊಳಿಸುತ್ತ ಹೋದರೆ ಗಳಿಸಿದ್ದನ್ನೆಲ್ಲ ಹೊರುವವಳ ಹೆಗಲು ತೆರಬೇಕು. ಉದ್ದವನ್ನು ಕಡಮೆ ಮಾಡಿದರೆ ಹಾಗಲ್ಲ. 90 ಸೆಂ.ಮೀ. ಕುಣಿಕೆಯನ್ನು 60ಕ್ಕೆ ಇಳಿಸಿದರೆ ಪಟ್ಟಿಗಳ ತೂಕದಲ್ಲಿ ಮೂರನೆಯ ಒಂದು ಭಾಗ ಉಳಿಯುತ್ತದೆ, ಬಲ ಮಾತ್ರ ಕಿಂಚಿತ್ತೂ ತಗ್ಗುವುದಿಲ್ಲ. ಬದಲಿಗೆ ಹೆಚ್ಚುತ್ತದೆ, ಕುಣಿಕೆಯೊಳಗೆ ಖಾಲಿ ಜಾಗ ಕಡಮೆಯಾದಷ್ಟೂ ಹಾರೆಯನ್ನೋ ಕಾರಿನ ಜಾಕನ್ನೋ ತೂರಿಸಿ ಮೀಟಲು ಎಡೆಯಿರುವುದಿಲ್ಲ. ಸೈಕಲ್ಲಿನ ವಿಷಯದಲ್ಲಿ ಲೋಕಮಾನ್ಯನಾಗಿದ್ದ ಅಮೆರಿಕದ ಷೆಲ್ಡನ್ ಬ್ರೌನ್ ಇದನ್ನೇ ಉಪದೇಶಿಸುತ್ತಿದ್ದನು: ಹಿಂದಿನ ಚಕ್ರವನ್ನು ಅದು ಚೌಕಟ್ಟಿನ ತ್ರಿಕೋನದೊಳಗೆ ಹಾದುಹೋಗುವಲ್ಲಿ ಕಂಬಕ್ಕೆ ಸೇರಿಸಿ ಕಟ್ಟಿದರೆ ಚಿಕ್ಕ ಬೀಗವೇ ಸಾಕು, ಚೌಕಟ್ಟನ್ನು ಬೇರೆಯಾಗಿ ಹಿಡಿಯಬೇಕಿಲ್ಲ. ಚಕ್ರ ಆ ತ್ರಿಕೋನದಿಂದ ಈಚೆಗೆ ಬರಲಾರದು. ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಎಂದು ಹಿಂಭಾಗವೆಲ್ಲ ತುಂಬಿಹೋಗಿರುವ ಇಲ್ಲಿಯ ಸೈಕಲ್ಲಿನಲ್ಲಿ ‘ಯು’ ಸರಳಿಗಿಂತ ಚಪ್ಪಟೆ ಪಟ್ಟಿ ಸಲೀಸಾಗಿ ನುಸುಳುತ್ತದೆ.

ಹಾಗಾದರೆ 60 ಸೆಂ.ಮೀ. ಸಾಕೇ? ಕಂಬ ಸಣ್ಣದಾಗಿದ್ದರೆ ಸಾಕು. 5 ಸೆಂ.ಮೀ. ವ್ಯಾಸದ ಕೊಳವೆಗೆ ಅದು ಧಾರಾಳ. ಬಸ್ ನಿಲ್ದಾಣದ ಹುಣಸೆಮರಕ್ಕೆ, ಅದರ ಸುತ್ತಳತೆಯೇ ಮೀಟರನ್ನು ಮೀರಿರುವಾಗ, 90 ಸೆಂ.ಮೀ. ಕೂಡ ಸಾಲದು. ಮರಕ್ಕೆ ಕಟ್ಟಬೇಕೆಂದರೆ ಎರಡು ಕೆ.ಜಿ.ಯ ಸರಪಳಿ ಬೇಕು. ಅದನ್ನು ದಿನವೂ ಹೊರುವ ವಿದ್ಯಾರ್ಥಿ ಇಲ್ಲ. ಹೊರದ ಬೀಗ ಎಷ್ಟು ಗಟ್ಟಿಯಾಗಿದ್ದರೇನು? ಬೀಗದ ಅಳತೆಯನ್ನು ಕಂಬ ನಿರ್ಧರಿಸುತ್ತದೆ ಎಂದದ್ದು ಈ ಅರ್ಥದಲ್ಲಿ. ಬ್ರಿಟನ್ನಿನಲ್ಲಿ ‘ಶೆಫೀಲ್ಡ್ ಸ್ಟ್ಯಾಂಡ್’ ಎಂದು ಕರೆಯುವ ಸಾಧನವೊಂದಿದೆ: ಕೊಳವೆಯನ್ನು ಕಮಾನಿನಂತೆ ಬಾಗಿಸಿ ಎರಡು ಕಾಲುಗಳನ್ನೂ ನೆಲದ ಕಾಂಕ್ರೀಟಿನಲ್ಲಿ ಹುಗಿದದ್ದು. ಅದಕ್ಕಿಂತ ಸರಳವಾದ ಕಬ್ಬಿಣದ ಕೆಲಸ ಮತ್ತೊಂದಿಲ್ಲ. ಒಂದು ಕಮಾನಿಗೆ ಇಕ್ಕೆಲದಲ್ಲಿ ಎರಡು ಸೈಕಲ್ಲು ನಿಲ್ಲುತ್ತವೆ.

ಕಾಲೇಜುಗಳ ಸೈಕಲ್ ಶೆಡ್ಡುಗಳಲ್ಲಿ ಏನಿದೆ? ಮೇಲೆ ತಗಡು, ಕೆಳಗೆ ಸಿಮೆಂಟಿನ ನೆಲ. ಹೆಚ್ಚೆಂದರೆ ಮುಂದಿನ ಚಕ್ರವನ್ನು ತೂರಿಸುವ ಕಬ್ಬಿಣದ ಚೌಕಟ್ಟು. ಆ ಚೌಕಟ್ಟು ಸೈಕಲ್ಲು ಬೀಳದಂತೆ ನೋಡಿಕೊಳ್ಳುತ್ತದೆ, ಹೋಗದಂತೆ ನೋಡಿಕೊಳ್ಳುವುದಿಲ್ಲ. ಗೋಡೆಯ ಮೇಲೊಂದು ಫಲಕ: ವಾಹನಗಳಿಗೆ ಮಾಲೀಕರೇ ಹೊಣೆ. ಹೊಣೆಯನ್ನು ಹೊರಿಸುವವರು ಆ ಹೊಣೆಯನ್ನು ಕಟ್ಟಿಹಾಕಲು ಒಂದು ಕಮಾನನ್ನಾದರೂ ನೆಟ್ಟುಕೊಡಬೇಡವೇ? ಕಾವಲುಗಾರನಿದ್ದಾನೆ, ಕ್ಯಾಮೆರಾ ಹಾಕಿಸಿದೆ ಎಂಬ ಉತ್ತರ ಬರುವುದುಂಟು. ಕಾವಲುಗಾರನಿಗೆ ಗೇಟು, ಗಂಟೆ, ಟಪಾಲು ಎಂದು ಹತ್ತು ಕೆಲಸ. ಕ್ಯಾಮೆರಾ ಕಳವನ್ನು ನೋಡುತ್ತದೆ, ನಿಲ್ಲಿಸುವುದಿಲ್ಲ. ಉಚಿತವಾಗಿ ಹಂಚಿದ, ಒಂದೇ ಬಣ್ಣದ, ಒಂದೇ ಮಾದರಿಯ ಸೈಕಲ್ಲುಗಳ ನಡುವೆ ಯಾರು ಯಾರದನ್ನು ಒಯ್ದರೆಂದು ಅದಕ್ಕೆ ತಿಳಿಯುವುದೂ ಇಲ್ಲ. ಹಿಂದೆ ಪುರಸಭೆಗಳು ವರ್ಷಕ್ಕೊಮ್ಮೆ ಕಾಸು ಪಡೆದು ಸೈಕಲ್ಲಿಗೆ ಬಿಲ್ಲೆ ಕೊಡುತ್ತಿದ್ದವು. ಅದು ಕಿರುಕುಳವೂ ಆಗಿತ್ತು, ಗುರುತೂ ಆಗಿತ್ತು. ಈಗ ಉಳಿದಿರುವ ಗುರುತು ಚೌಕಟ್ಟಿನ ಮೇಲೆ ಒತ್ತಿರುವ ಸಂಖ್ಯೆಯೊಂದೇ. ಅದನ್ನು ಬರೆದಿಟ್ಟುಕೊಂಡವರು ಬಹಳ ವಿರಳ.

ಕಾನೂನಿನ ಕಡೆಗೆ ನೋಡಿದರೂ ಹೆಚ್ಚಿನ ಆಸರೆಯಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ, ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಮೆಯಿದ್ದು, ತಪ್ಪಿತಸ್ಥನಿಗೆ ಅದು ಮೊದಲ ಶಿಕ್ಷೆಯಾಗಿದ್ದು, ವಸ್ತುವನ್ನೋ ಅದರ ಬೆಲೆಯನ್ನೋ ಆತ ಹಿಂತಿರುಗಿಸಿದರೆ, ವಿಧಿಸುವುದು ಸಮುದಾಯ ಸೇವೆಯನ್ನು. ಹೊಟ್ಟೆಪಾಡಿಗೆ ಕದ್ದ ಹುಡುಗನನ್ನು ಸೆರೆಮನೆಗೆ ತಳ್ಳದಿರುವುದು ವಿವೇಕವೇ. ಆದರೆ ನಾಲ್ಕು ವರ್ಷ ಓಡಿದ ಸೈಕಲ್ಲಿನ ಬೆಲೆ ಕಾನೂನಿನ ತಕ್ಕಡಿಯಲ್ಲಿ ಆ ಗೆರೆಯ ಕೆಳಗೇ ಬೀಳುತ್ತದೆ. ದೂರು ಕೊಡಲು ಹೋಗುವುದಕ್ಕೆ ಒಂದು ದಿನದ ತರಗತಿಯನ್ನು ಕಳೆದುಕೊಳ್ಳಬೇಕೆಂಬ ಲೆಕ್ಕ ಹಾಕಿ ಹಲವರು ಸುಮ್ಮನಾಗುತ್ತಾರೆ. ಹೀಗಾಗಿ ಕಳವಾಗದಂತೆ ತಡೆಯುವುದೊಂದೇ ದಾರಿ.

ಯಾವ ಬೀಗವೂ ಮುರಿಯಲಾಗದ್ದಲ್ಲ ಎಂಬ ಆಕ್ಷೇಪಕ್ಕೆ ಉತ್ತರಿಸಬೇಕು. 2004ರಲ್ಲಿ ಅಮೆರಿಕದಲ್ಲಿ ಒಂದು ಸೋಜಿಗ ನಡೆಯಿತು. ಕೊಳವೆಯಾಕಾರದ ಕೈಯುಳ್ಳ ಕ್ರಿಪ್ಟೊನೈಟ್ ಬೀಗಗಳನ್ನು ಸಾಧಾರಣ ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆ ತೂರಿಸಿ ತಿರುಗಿಸಿ ತೆರೆಯಬಹುದೆಂದು ಬಯಲಾಗಿ, ಕಂಪೆನಿಯು ಅವುಗಳನ್ನು ಉಚಿತವಾಗಿ ಬದಲಾಯಿಸಿಕೊಡಬೇಕಾಯಿತು. ಸರಳು ವಜ್ರದಂತಿದ್ದು ಕೈ ತೂರುವ ರಂಧ್ರ ಮೇಣದಂತಿದ್ದರೆ ಫಲವಿಲ್ಲ. ಈಚೆಗಂತೂ ಬ್ಯಾಟರಿಯಿಂದ ನಡೆಯುವ ಗ್ರೈಂಡರು ಎಲ್ಲರ ಕೈಗೆ ಬಂದಿದೆ. ಹದಗೊಳಿಸಿದ ಉಕ್ಕು ಕೂಡ ಅದರ ಮುಂದೆ ಹೆಚ್ಚು ಹೊತ್ತು ನಿಲ್ಲದು. 2020ರಲ್ಲಿ ಡರ್ಹಮ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ‘ಪ್ರೋಟಿಯಸ್’ ಎಂಬ ವಸ್ತುವು ಅಲ್ಯೂಮಿನಿಯಂ ನೊರೆಯೊಳಗೆ ಸೆರಾಮಿಕ್ ಗುಂಡುಗಳನ್ನು ಹುದುಗಿಸಿದ್ದು. ಕೊಯ್ಯಲು ಬಂದ ಚಕ್ರವನ್ನೇ ಅದು ಕಂಪನದಿಂದ ಸವೆಸುತ್ತದೆ, ಸಾಂದ್ರತೆಯೋ ಉಕ್ಕಿನ ಶೇ. 15ರಷ್ಟು ಮಾತ್ರ. ಸಂತೋಷದ ಸುದ್ದಿ. ಆದರೆ ತಳಿಯ ರಸ್ತೆಯಲ್ಲಿ ಹಳೆಯ ಸೈಕಲ್ಲಿಗಾಗಿ ಕಿಡಿ ಹಾರಿಸುತ್ತ, ಊರಿಗೆಲ್ಲ ಕೇಳುವಂತೆ ಗ್ರೈಂಡರು ತಿರುಗಿಸುವ ಕಳ್ಳನನ್ನು ಕಲ್ಪಿಸಿಕೊಂಡು ಬೀಗ ರೂಪಿಸುವುದು ಹುಲಿಗೆ ಹೂಡಿದ ಬೋನಿನಲ್ಲಿ ಇಲಿ ಹಿಡಿಯಲು ಕುಳಿತಂತೆ. ಇಲ್ಲಿಯ ಕಳವು ಬಹುಮಟ್ಟಿಗೆ ಅವಕಾಶದ ಕಳವು. ಕಟ್ಟದ ಸೈಕಲ್ಲು ಹೋಗುತ್ತದೆ, ಕಟ್ಟಿದ್ದು ಉಳಿಯುತ್ತದೆ. ಎರಡು ನಿಮಿಷ ಹೆಣಗಿಸುವ, ಕೈಯಲ್ಲಿ ಸಣ್ಣ ಕತ್ತರಿಯಿದ್ದವನನ್ನು ನಿರಾಶೆಗೊಳಿಸುವ ಬೀಗ ಸಾಕು.

ಬೆಲೆಯೇ ಉಳಿದ ತೊಡಕು. ಆಮದಾದ ಮಡಚುವ ಬೀಗ ಸಾಧಾರಣ ಸೈಕಲ್ಲಿನ ಬೆಲೆಗೆ ಸಮನಾಗುತ್ತದೆ, ಕೆಲವು ಅದನ್ನೂ ಮೀರುತ್ತವೆ. ಅದನ್ನು ಹಾಗೆಯೇ ನಕಲು ಮಾಡುವುದು ಬೇಡ. ನೆದರ್ಲೆಂಡ್ಸಿನವರ ಜಾಣ್ಮೆಯೊಂದು ಇಲ್ಲಿಗೆ ಚೆನ್ನಾಗಿ ಒಗ್ಗುತ್ತದೆ. ಅಲ್ಲಿಯ ಸೈಕಲ್ಲುಗಳಲ್ಲಿಯೂ ಹಿಂದಿನ ಚಕ್ರಕ್ಕೆ ಇಂತಹುದೇ ಲಾಳದ ಬೀಗವಿರುತ್ತದೆ. ಆದರೆ ಅದರ ಪಕ್ಕದಲ್ಲಿ ಒಂದು ರಂಧ್ರವಿದ್ದು, ಪ್ರತ್ಯೇಕವಾದ ಸರಪಳಿಯನ್ನು ಕಂಬಕ್ಕೆ ಸುತ್ತಿ ತಂದು ಅದರ ತುದಿಯ ಗೂಟವನ್ನು ಆ ರಂಧ್ರಕ್ಕೆ ಚುಚ್ಚಬಹುದು. ಬೀಗ ಒಂದೇ, ಕೈಯೂ ಒಂದೇ. ಈ ನಾಡಿನ ಲಾಳದ ಬೀಗಕ್ಕೂ ಅಂತಹ ರಂಧ್ರವನ್ನು ಕೊಟ್ಟು, ಸರಪಳಿಯ ಸ್ಥಾನದಲ್ಲಿ ನಾಲ್ಕು ಪಟ್ಟಿಗಳ ಮಡಚುವ ತೋಳನ್ನು ಇಟ್ಟರೆ ಆಮದು ಬೀಗದಲ್ಲಿ ದುಬಾರಿಯಾದ ಬೀಗದ ತಲೆ ಬೇರೆಯಾಗಿ ಬೇಕಾಗುವುದಿಲ್ಲ. ಹಾಗೆ ಮಾಡುವಾಗ ಲಾಳದ ಬೀಗದ ಕೈಯ ಹಲ್ಲುಗಳಲ್ಲಿ ವೈವಿಧ್ಯವನ್ನು ಹೆಚ್ಚಿಸಬೇಕು; ಚೌಕಟ್ಟಿಗೆ ಅದನ್ನು ಬಿಗಿದ ತಿರುಪುಗಳನ್ನು ಹೊರಗಿನಿಂದ ಬಿಚ್ಚಲಾಗದಂತೆ ಮಾಡಬೇಕು. ಮಡಚಿದ ತೋಳು ಕ್ಯಾರಿಯರಿನ ಕೆಳಗೆ ಕೂರುತ್ತದೆ. ಮನೆಯಲ್ಲಿ ಮರೆತು ಬರುವ ಪ್ರಶ್ನೆಯೂ ಇರದು.

ಇದನ್ನು ಮಾಡುವ ಕೈಗಳು ದೂರದಲ್ಲಿಲ್ಲ. ಹೊಸೂರಿನ ಸಿಪ್ಕಾಟ್ ಆವರಣದ ಸುತ್ತಮುತ್ತ ವಾಹನ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಕೈಗಾರಿಕೆಗಳಿವೆ. ತಗಡು ಕತ್ತರಿಸುವುದು, ಉಕ್ಕನ್ನು ಹದಗೊಳಿಸುವುದು, ರಿವೆಟ್ಟು ಬಡಿಯುವುದು ಅವರ ದಿನದ ಕೆಲಸ. ಇದೇ ರಾಜ್ಯದ ದಿಂಡಿಗಲ್ಲಿನ ಕೈಬೀಗಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಮಾವಿನಕಾಯಿಯ ಆಕಾರದ ಬೀಗವನ್ನೂ ಒಳಗೆ ಸನ್ನೆಗಳ ಸಾಲಿಟ್ಟು ಅನ್ಯರ ಕೈ ಹೊಂದದಂತೆ ಮಾಡುವ ವಿದ್ಯೆಯನ್ನೂ ಬಲ್ಲ ಆ ಕುಶಲಕರ್ಮಿಗಳು ಅಲಿಗಢದ ಯಂತ್ರನಿರ್ಮಿತ ಬೀಗಗಳ ಪೈಪೋಟಿಯಲ್ಲಿ ಸೊರಗಿದ್ದಾರೆ. ಉಚಿತ ಸೈಕಲ್ಲುಗಳನ್ನು ಸಾವಿರಾರು ಸಂಖ್ಯೆಯಲ್ಲಿ ಕೊಳ್ಳುವ ಸರ್ಕಾರವು ತನ್ನ ಟೆಂಡರಿನ ವಿವರಗಳಲ್ಲಿ ಬೀಗದ ಬಗ್ಗೆ ಎರಡು ಸಾಲು ಹೆಚ್ಚಿಗೆ ಬರೆದರೆ ಅವರಿಗೂ ಕೆಲಸ ಸಿಗುತ್ತದೆ.

ಅದಕ್ಕೆ ಕಾಲ ಹಿಡಿಯಬಹುದು. ಕಮಾನುಗಳಿಗೆ ಹಿಡಿಯಬೇಕಾಗಿಲ್ಲ. ಮೊದಲು ಕಾಲೇಜಿನ ಶೆಡ್ಡಿನಲ್ಲಿ, ಅನಂತರ ಪಂಚಾಯಿತಿಯನ್ನು ಒಪ್ಪಿಸಿ ಬಸ್ ನಿಲ್ದಾಣಗಳಲ್ಲಿ, 5 ಸೆಂ.ಮೀ. ವ್ಯಾಸದ ಕೊಳವೆಯನ್ನು ಎರಡು ಕಮಾನುಗಳ ನಡುವೆ ಒಂದು ಮೀಟರು ಅಂತರ ಬಿಟ್ಟು ನೆಡಬೇಕು; ಕಾಲುಗಳು ಕಾಂಕ್ರೀಟಿನೊಳಗೆ ಒಂದು ಅಡಿಯಾದರೂ ಇಳಿದಿರಬೇಕು, ತುದಿಗೆ ಅಡ್ಡಕಂಬಿ ಬೆಸೆದಿರಬೇಕು, ಇಲ್ಲವಾದರೆ ಕಮಾನನ್ನೇ ಅಲುಗಾಡಿಸಿ ಕೀಳುವವರಿದ್ದಾರೆ. ತಂತಿಬೀಗವಷ್ಟೇ ಇರುವ ವಿದ್ಯಾರ್ಥಿಯೂ ಅಂದಿನಿಂದಲೇ ತನ್ನ ಸೈಕಲ್ಲನ್ನು ನೆಲಕ್ಕೆ ಕಟ್ಟಬಹುದು.